ಫೈರ್‌ವಾಲ್ ಆನ್ ಇದೆ, ಆದರೂ ಬಾಗಿಲು ತೆರೆದೇ ಇದೆ! ಏಕೆ ಹೀಗೆ?

“ಫೈರ್‌ವಾಲ್ ಆನ್ ಇದ್ದರೆ ಯಾವ ಹ್ಯಾಕರ್ ಕೂಡ ಒಳಗೆ ಬರಲಾರ, ನಿಶ್ಚಿಂತೆಯಿಂದಿರಿ.”

“ನಿಮ್ಮ ಫೋನಿನ 65,535 ಪೋರ್ಟ್‌ಗಳೂ ತೆರೆದಿವೆ! ಕೂಡಲೇ ಈ ಆ್ಯಪ್ ಹಾಕಿಕೊಳ್ಳಿ, ಹತ್ತು ಜನರಿಗೆ ಕಳಿಸಿ.”

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಎರಡೂ ಧಾಟಿಯ ಸಂದೇಶಗಳು ಓಡಾಡುತ್ತಿರುತ್ತವೆ. ಮೊದಲನೆಯದು ಸುಮ್ಮನೆ ಧೈರ್ಯ ಹೇಳುತ್ತದೆ, ಎರಡನೆಯದು ಸುಮ್ಮನೆ ಹೆದರಿಸುತ್ತದೆ. ನಿಜ ಇರುವುದು ಇವೆರಡರ ನಡುವೆ ಎಲ್ಲೋ. ಫೈರ್‌ವಾಲ್ ಆನ್ ಆಗಿದ್ದೂ ನಮಗೆ ಗೊತ್ತಿಲ್ಲದಂತೆ ಒಂದೆರಡು ಬಾಗಿಲು ತೆರೆದಿರುವುದು ಬಹಳ ಸಾಮಾನ್ಯ. ಆದರೆ ಅದನ್ನು ಮುಚ್ಚಲು ಯಾವುದೋ ಅಪರಿಚಿತ ಆ್ಯಪ್ ಬೇಕಿಲ್ಲ. ಬಾಗಿಲು ಎಲ್ಲಿ ತೆರೆದಿದೆ, ತೆರೆದವರು ಯಾರು ಎಂದು ಹುಡುಕುವ ಕ್ರಮ ಗೊತ್ತಿದ್ದರೆ ಸಾಕು.

ಇದು ಕಂಪ್ಯೂಟರ್ ಕಲಿತವರ ತಲೆನೋವು, ನಮಗೇಕೆ ಎನ್ನಬೇಡಿ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು, ಟೆಲಿಗ್ರಾಮ್‌ನಲ್ಲಿ ಮಾರಾಟಕ್ಕೂ ಬಂದವು. ಅವು ಮಹಿಳೆಯರ ತಪಾಸಣೆಯ ದೃಶ್ಯಗಳಾಗಿದ್ದವು. ಕ್ಯಾಮೆರಾ ಹಾಕಿಸಿದ್ದು ಸುರಕ್ಷತೆಗೆಂದು. ಅದೇ ಕ್ಯಾಮೆರಾ ಹೊರಗಿನವರ ಕಣ್ಣಾಯಿತು. ಅಂಗಡಿ, ಕ್ಲಿನಿಕ್, ಪಿಜಿ, ಮಗು ಮಲಗುವ ಕೋಣೆ, ವಯಸ್ಸಾದ ಅಮ್ಮ ಒಬ್ಬರೇ ಇರುವ ಮನೆ ಹೀಗೆ ಎಲ್ಲೆಲ್ಲೂ ಈಗ ಕ್ಯಾಮೆರಾ ಇದೆ. ಹಾಗಾಗಿ ‘ಪೋರ್ಟ್’ ಎನ್ನುವ ಪದ ನಮ್ಮೆಲ್ಲರಿಗೂ ಸಂಬಂಧಿಸಿದ್ದೇ.

ಪೋರ್ಟ್ ಎಂದರೇನು?

ಫೋನಿಗೆ ಚಾರ್ಜರ್ ಚುಚ್ಚುವ ಜಾಗಕ್ಕೂ ಪೋರ್ಟ್ ಎನ್ನುತ್ತೇವೆ. ನಾವು ಇಲ್ಲಿ ಹೇಳುತ್ತಿರುವುದು ಅದಲ್ಲ. ಈ ಪೋರ್ಟ್ ಕಣ್ಣಿಗೆ ಕಾಣುವುದಿಲ್ಲ, ಅದು ಬರೀ ಒಂದು ಸಂಖ್ಯೆ.

ಒಂದು ದೊಡ್ಡ ಅಪಾರ್ಟ್‌ಮೆಂಟ್ ಊಹಿಸಿಕೊಳ್ಳಿ. ಕಟ್ಟಡಕ್ಕೆ ಒಂದು ವಿಳಾಸ, ಒಳಗಿನ ಪ್ರತಿ ಮನೆಗೆ ಒಂದು ನಂಬರ್. ಅಂತರಜಾಲದಲ್ಲಿ ಕಟ್ಟಡದ ವಿಳಾಸ ಎಂದರೆ ಐಪಿ ಅಡ್ರೆಸ್, ಮನೆ ನಂಬರ್ ಎಂದರೆ ಪೋರ್ಟ್. ಈ ನಂಬರನ್ನು ಬರೆಯಲು 16 ಬಿಟ್‌ಗಳಷ್ಟು ಜಾಗವಿದೆ, ಆದ್ದರಿಂದ ಅತಿ ದೊಡ್ಡ ನಂಬರ್ 65,535. ಫಾರ್ವರ್ಡ್‌ಗಳಲ್ಲಿ ಬರುವ ಆ ಭಯಂಕರ ಸಂಖ್ಯೆಯ ಗುಟ್ಟು ಇಷ್ಟೇ.

ಕೆಲವು ನಂಬರ್‌ಗಳಿಗೆ ಜಗತ್ತಿನಾದ್ಯಂತ ನಿಗದಿಯಾದ ಕೆಲಸವಿದೆ. ಬೀಗದ ಗುರುತಿರುವ ವೆಬ್‌ಸೈಟ್‌ಗಳು 443ರಲ್ಲಿ, ಹಳೆಯ ಬಗೆಯ ವೆಬ್‌ಸೈಟ್‌ಗಳು 80ರಲ್ಲಿ ಸಿಗುತ್ತವೆ. ದೂರದಿಂದ ಕಂಪ್ಯೂಟರ್ ನಿಯಂತ್ರಿಸುವ ಟೆಲ್‌ನೆಟ್ 23ರಲ್ಲಿ, ಅದಕ್ಕಿಂತ ಸುರಕ್ಷಿತವಾದ ಎಸ್‌ಎಸ್‌ಎಚ್ 22ರಲ್ಲಿ ಇರುತ್ತವೆ. ವಿಂಡೋಸ್ ಕಂಪ್ಯೂಟರಿನ ಪರದೆಯನ್ನು ದೂರದಿಂದ ಬಳಸುವ ರಿಮೋಟ್ ಡೆಸ್ಕ್‌ಟಾಪ್ 3389ರಲ್ಲಿ, ಫೈಲ್ ಹಂಚಿಕೊಳ್ಳುವ ಸೌಲಭ್ಯ 445ರಲ್ಲಿ, ಹಲವು ಕ್ಯಾಮೆರಾಗಳ ನೇರ ದೃಶ್ಯ 554ರಲ್ಲಿ.

ಪೋರ್ಟ್ ‘ತೆರೆದಿದೆ’ ಎಂದರೆ ಆ ನಂಬರಿನ ಮನೆಯಲ್ಲಿ ಯಾರೋ ಇದ್ದಾರೆ, ಬಾಗಿಲು ತಟ್ಟಿದರೆ ಓಗೊಡುತ್ತಾರೆ ಎಂದರ್ಥ. ತೆರೆದಿರುವುದೇ ತಪ್ಪೇನಲ್ಲ. ಬ್ಯಾಂಕಿನ ವೆಬ್‌ಸೈಟ್ 443ನೇ ಬಾಗಿಲು ಮುಚ್ಚಿಬಿಟ್ಟರೆ ನೀವು ಅದನ್ನು ನೋಡುವುದೇ ಸಾಧ್ಯವಿಲ್ಲ. ನಮಗೆ ಬೇಡದ, ನಮಗೆ ಗೊತ್ತೇ ಇಲ್ಲದ ಬಾಗಿಲು ತೆರೆದಿದ್ದರೆ ಆಗ ತೊಂದರೆ.

ಕಾವಲುಗಾರ ಮತ್ತು ಅವನ ಪಟ್ಟಿ

ಫೈರ್‌ವಾಲ್ ಎಂದರೆ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮ್ಯಾನ್. ಅವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಇಂಥವರನ್ನು ಬಿಡು, ಇಂಥವರನ್ನು ಬಿಡಬೇಡ. ಬಂದ ಪ್ರತಿಯೊಬ್ಬರನ್ನೂ ಪಟ್ಟಿಯ ಜೊತೆ ಹೋಲಿಸಿ ನೋಡುವುದು ಅವನ ಕೆಲಸ. ಒಳಗಿನವರೇ ಕರೆಸಿಕೊಂಡ ಊಟದ ಡೆಲಿವರಿಯನ್ನು ಬಿಡುತ್ತಾನೆ, ಕರೆಯದೆ ಬಂದವರನ್ನು ತಡೆಯುತ್ತಾನೆ. ನೀವು ಫೋನಿನಲ್ಲಿ ಒಂದು ಪುಟ ತೆರೆದಾಗ ಅದರ ಉತ್ತರ ಒಳಗೆ ಬರುವುದು, ತಾನಾಗಿ ಬಂದ ಅಪರಿಚಿತ ಹೊರಗೇ ನಿಲ್ಲುವುದು ಹೀಗೆ.

ವಾಚ್‌ಮ್ಯಾನ್ ತನ್ನ ಬುದ್ಧಿ ಓಡಿಸುವುದಿಲ್ಲ, ಪಟ್ಟಿಯಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಾನೆ ಎನ್ನುವುದನ್ನು ನೆನಪಿಡಬೇಕು. ‘ಯಾರು ಬಂದರೂ ಬಿಡು’ ಎಂದು ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೆ ಅವನು ಬಿಡುತ್ತಾನೆ. ಆಗಲೂ ಫೈರ್‌ವಾಲ್ ‘ಆನ್’ ಎಂದೇ ತೋರಿಸುತ್ತದೆ. “ಫೈರ್‌ವಾಲ್ ಆನ್ ಇದೆಯೇ?” ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯದಿರುವುದು ಇದೇ ಕಾರಣಕ್ಕೆ. ಕೇಳಬೇಕಾದದ್ದು: ಪಟ್ಟಿಯಲ್ಲಿ ಏನಿದೆ? ಬರೆದವರು ಯಾರು? ಇರುವುದು ಒಂದೇ ಗೇಟೋ, ಹಿಂಬದಿಯಲ್ಲಿ ಇನ್ನೊಂದಿದೆಯೋ?

ಬೇಡದ ಬಾಗಿಲು ತೆರೆದುಕೊಳ್ಳುವ ಏಳು ದಾರಿಗಳು

1. ಪೋರ್ಟ್ ಫಾರ್ವರ್ಡ್. ನೀವು ಮಾಡುವ ಫಾರ್ವರ್ಡ್‌ಗಿಂತ ಇದು ಬೇರೆ. ಒಂದು ಕಿರಾಣಿ ಅಂಗಡಿಗೆ ಕ್ಯಾಮೆರಾ ಹಾಕಿಸಿದರು ಎಂದುಕೊಳ್ಳೋಣ. “ಮನೆಯಿಂದಲೇ ಮೊಬೈಲ್‌ನಲ್ಲಿ ನೋಡಬೇಕು” ಎಂದು ಮಾಲೀಕರು ಕೇಳುತ್ತಾರೆ. ಕ್ಯಾಮೆರಾ ಹಾಕಲು ಬಂದವರು ರೂಟರ್‌ನ ಸೆಟ್ಟಿಂಗ್ ತೆರೆದು, ಹೊರಗಿನಿಂದ ಈ ನಂಬರಿಗೆ ಬಂದದ್ದನ್ನೆಲ್ಲ ಕ್ಯಾಮೆರಾದ ಪೆಟ್ಟಿಗೆಗೆ ಕಳಿಸು ಎಂದು ಬರೆದು ಹೋಗುತ್ತಾರೆ. ಮಾಲೀಕರಿಗೆ ದೃಶ್ಯ ಕಾಣುತ್ತದೆ, ಖುಷಿ. ಆದರೆ ಆ ಸಾಲಿನಲ್ಲಿ ‘ಮಾಲೀಕರು ಬಂದರೆ ಮಾತ್ರ’ ಎಂದು ಬರೆದಿಲ್ಲ. ಜಗತ್ತಿನ ಯಾರು ಬಾಗಿಲು ತಟ್ಟಿದರೂ ರೂಟರ್ ಅವರನ್ನು ಕ್ಯಾಮೆರಾದ ಮುಂದೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಕಾಯುವುದು ಪಾಸ್‌ವರ್ಡ್ ಒಂದೇ. ಅದು ಕಂಪನಿ ಕೊಟ್ಟ ಹಳೆಯ ಪಾಸ್‌ವರ್ಡೇ ಆಗಿದ್ದರೆ ಕಥೆ ಮುಗಿಯಿತು.

2. ತಾನಾಗಿ ತೆರೆಯುವ ಯುಪಿಎನ್‌ಪಿ. ಗೇಮ್ ಕನ್ಸೋಲ್, ಕ್ಯಾಮೆರಾ, ಫೈಲ್ ಹಂಚುವ ತಂತ್ರಾಂಶ ಇವು “ನನಗೊಂದು ಬಾಗಿಲು ತೆರೆದುಕೊಡು” ಎಂದು ರೂಟರನ್ನು ತಾವೇ ಕೇಳಬಹುದು. ಯುಪಿಎನ್‌ಪಿ ಆನ್ ಇದ್ದರೆ ರೂಟರ್ ಯಾರನ್ನೂ ವಿಚಾರಿಸದೆ ತೆರೆದುಕೊಡುತ್ತದೆ. ಮನೆಯ ಒಳಗಿನ ಉಪಕರಣಗಳೆಲ್ಲ ನಂಬಿಕಸ್ಥ ಎಂಬ ಲೆಕ್ಕದಲ್ಲಿ ಮಾಡಿದ ವ್ಯವಸ್ಥೆ ಇದು. ಆದರೆ 2013ರ ಜನವರಿಯಲ್ಲಿ ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ ಪರಿಶೀಲಿಸಿದಾಗ, ಮನೆಯೊಳಗೆ ಮಾತ್ರ ಕೇಳಬೇಕಾಗಿದ್ದ ಈ ಸೌಲಭ್ಯ 8 ಕೋಟಿಗೂ ಹೆಚ್ಚು ವಿಳಾಸಗಳಲ್ಲಿ ಹೊರಗಿನವರಿಗೂ ಉತ್ತರ ಕೊಡುತ್ತಿತ್ತು.

3. ಓದದೆ ಒತ್ತಿದ ‘ಅಲೋ’. ವಿಂಡೋಸ್ ಕಂಪ್ಯೂಟರ್‌ನಲ್ಲಿ ಹೊಸ ತಂತ್ರಾಂಶವೊಂದು ಬಾಗಿಲು ತೆರೆಯಲು ಹೊರಟಾಗ ಒಂದು ಕಿಟಕಿ ಬಂದು ಅನುಮತಿ ಕೇಳುತ್ತದೆ. ಮನೆಯ ನೆಟ್‌ವರ್ಕ್‌ಗೆ ಮಾತ್ರವೋ, ಸಾರ್ವಜನಿಕ ನೆಟ್‌ವರ್ಕ್‌ಗೂ ಸೇರಿಸಿಯೋ ಎಂದೂ ಕೇಳುತ್ತದೆ. ನಾವು ಗಡಿಬಿಡಿಯಲ್ಲಿ ಎರಡಕ್ಕೂ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಆ ಅನುಮತಿ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ನಾಳೆ ರೈಲು ನಿಲ್ದಾಣದ ಉಚಿತ ವೈಫೈಗೆ ಸೇರಿದಾಗಲೂ ಅದೇ ಅನುಮತಿ ಜಾರಿಯಲ್ಲಿರುತ್ತದೆ.

4. ‘ಸ್ವಲ್ಪ ಹೊತ್ತಿಗೆ’ ಬರೆದ ಸಾಲು ಮತ್ತು ಸಾಲುಗಳ ಕ್ರಮ. ಕಚೇರಿಗಳಲ್ಲಿ ಬಹಳ ಸಾಮಾನ್ಯ. ಏನೋ ಕೆಲಸ ಮಾಡುತ್ತಿಲ್ಲ, ಪರೀಕ್ಷೆ ಮಾಡಲೆಂದು ‘ಎಲ್ಲರನ್ನೂ ಬಿಡು’ ಎಂದು ಒಂದು ನಿಯಮ ಬರೆಯುತ್ತಾರೆ. ಕೆಲಸ ಆಗುತ್ತದೆ, ನಿಯಮ ಅಳಿಸುವುದು ಮರೆಯುತ್ತದೆ. ಲಿನಕ್ಸ್‌ನ ಐಪಿಟೇಬಲ್ಸ್‌ನಂತಹ ಹಲವು ಫೈರ್‌ವಾಲ್‌ಗಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತವೆ, ಮೊದಲು ಹೊಂದಿದ ಸಾಲಿಗೇ ತೀರ್ಮಾನ ಮುಗಿಸುತ್ತವೆ. ಮೇಲೆ ‘ಎಲ್ಲರನ್ನೂ ಬಿಡು’ ಎಂದಿದ್ದರೆ ಅದರ ಕೆಳಗೆ ಎಷ್ಟು ಬಿಗಿಯಾದ ಸಾಲು ಬರೆದರೂ ಅದನ್ನು ಓದುವವರೇ ಇಲ್ಲ. ವಿಂಡೋಸ್ ಫೈರ್‌ವಾಲ್‌ನ ಪದ್ಧತಿ ಬೇರೆ. ಅಲ್ಲಿ ‘ತಡೆ’ ಎಂಬ ಸ್ಪಷ್ಟ ನಿಯಮ ‘ಬಿಡು’ ಎಂಬುದನ್ನು ಮೀರುತ್ತದೆ. ಒಂದು ಫೈರ್‌ವಾಲ್‌ನ ಅನುಭವವನ್ನು ಇನ್ನೊಂದಕ್ಕೆ ಹಾಗೇ ಅನ್ವಯಿಸಿದರೆ ಎಡವುತ್ತೇವೆ.

5. ಎರಡನೇ ಗೇಟು: ಐಪಿವಿ6. ಹಳೆಯ ಐಪಿವಿ4 ಪದ್ಧತಿಯಲ್ಲಿ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಅವು ಸಾಲದೆ ಬಂದದ್ದು ಐಪಿವಿ6. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲಿದೆ. ಹಳೆಯ ಪದ್ಧತಿಯಲ್ಲಿ ಮನೆಯ ಎಲ್ಲ ಉಪಕರಣಗಳೂ ಒಂದೇ ಹೊರ ವಿಳಾಸದ ಹಿಂದೆ ಅಡಗಿರುತ್ತವೆ. ಕರೆಯದೆ ಬಂದವರನ್ನು ಯಾರ ಬಳಿಗೆ ಕಳಿಸಬೇಕೆಂದು ರೂಟರ್‌ಗೆ ಗೊತ್ತಾಗುವುದಿಲ್ಲ, ಹಾಗಾಗಿ ಅವರು ಹೊರಗೇ ಉಳಿಯುತ್ತಾರೆ. ಹೊಸ ಪದ್ಧತಿಯಲ್ಲಿ ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ಸಿಗಬಹುದು. ಆ ಮರೆ ಇಲ್ಲದ್ದರಿಂದ ಕಾಯುವ ಹೊಣೆಯೆಲ್ಲ ಫೈರ್‌ವಾಲ್ ಮೇಲೆ ಬೀಳುತ್ತದೆ. ಐಪಿವಿ4ಕ್ಕೆ ಮಾತ್ರ ನಿಯಮ ಬರೆದು ಐಪಿವಿ6 ಅನ್ನು ಮರೆತರೆ, ಮುಂದಿನ ಗೇಟಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ.

6. ಪಟ್ಟಿಯನ್ನೇ ನೋಡದ ಇನ್ನೊಂದು ದಾರಿ. ತಂತ್ರಾಂಶ ಕ್ಷೇತ್ರದಲ್ಲಿರುವವರಿಗೆ ಇದು ಪರಿಚಿತ. ಉಬುಂಟು ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯೂ ಎಂಬ ಸರಳ ಫೈರ್‌ವಾಲ್ ಹಾಕಿ ಎಲ್ಲವನ್ನೂ ಮುಚ್ಚಿರುತ್ತಾರೆ. ಆದರೆ ಡಾಕರ್ ಮೂಲಕ ಒಂದು ಸೇವೆಯನ್ನು ಹೊರಗೆ ಪ್ರಕಟಿಸಿದಾಗ ಡಾಕರ್ ತನ್ನದೇ ನಿಯಮಗಳನ್ನು ಆಳದಲ್ಲಿ ಬರೆದುಕೊಳ್ಳುತ್ತದೆ. ಬಂದ ಮಾಹಿತಿ ಯುಎಫ್‌ಡಬ್ಲ್ಯೂ ಕಣ್ಣಿಗೆ ಬೀಳುವ ಮೊದಲೇ ಬೇರೆ ಕಡೆ ತಿರುಗಿಬಿಡುತ್ತದೆ. ಫೈರ್‌ವಾಲ್ ‘ಮುಚ್ಚಿದೆ’ ಎನ್ನುತ್ತದೆ, ಹೊರಗಿನಿಂದ ನೋಡಿದರೆ ತೆರೆದಿದೆ. ಇದನ್ನು ಡಾಕರ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಸೇವೆ ಅದೇ ಕಂಪ್ಯೂಟರಿಗಷ್ಟೇ ಬೇಕಿದ್ದರೆ 127.0.0.1 ಎಂಬ ಒಳವಿಳಾಸಕ್ಕೆ ಮಾತ್ರ ಕಟ್ಟಿಹಾಕುವುದು ಸರಳ ಪರಿಹಾರ. ಕ್ಲೌಡ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ಸರ್ವರ್‌ನ ಒಳಗೊಂದು ಫೈರ್‌ವಾಲ್, ಕ್ಲೌಡ್ ಕಂಪನಿಯ ಪುಟದಲ್ಲಿ ಇನ್ನೊಂದು. ಎರಡೂ ಪಟ್ಟಿಗಳನ್ನು ಓದಬೇಕು.

7. ನಾವು ತೆರೆಯದ, ಸೇವೆ ಕೊಡುವವರು ತೆರೆದ ಬಾಗಿಲು. ಬ್ರಾಡ್‌ಬ್ಯಾಂಡ್ ಕಂಪನಿಗಳು ನಿಮ್ಮ ರೂಟರನ್ನು ದೂರದಿಂದಲೇ ಸರಿಪಡಿಸಲು ಒಂದು ಬಾಗಿಲು ಇಟ್ಟುಕೊಳ್ಳುವುದುಂಟು, ಸಾಮಾನ್ಯವಾಗಿ 7547. 2016ರ ನವೆಂಬರ್ ಕೊನೆಯಲ್ಲಿ ಜರ್ಮನಿಯಲ್ಲಿ ಈ ಬಾಗಿಲಿನ ಮೇಲೆ ದಾಳಿ ನಡೆದು ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೈಕೊಟ್ಟವು. ಆ ಗ್ರಾಹಕರು ಯಾವ ತಪ್ಪನ್ನೂ ಮಾಡಿರಲಿಲ್ಲ.

“ನಮ್ಮನ್ಯಾರು ಹುಡುಕಿಕೊಂಡು ಬರುತ್ತಾರೆ?”

“ನಮ್ಮದು ಸಣ್ಣ ಅಂಗಡಿ, ನಮ್ಮ ಕ್ಯಾಮೆರಾ ನೋಡಿ ಯಾರಿಗೇನು ಲಾಭ?” ಇದು ನಾವು ತುಂಬ ಸಲ ಕೇಳುವ ಮಾತು. ಸತ್ಯವೇನೆಂದರೆ ಯಾರೂ ನಿಮ್ಮನ್ನೇ ಹುಡುಕುವುದಿಲ್ಲ. ಯಂತ್ರಗಳು ಎಲ್ಲರನ್ನೂ ಹುಡುಕುತ್ತವೆ.

2013ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಎಂಬ ತಂತ್ರಾಂಶ ಪ್ರಕಟಿಸಿದರು. ಒಂದೇ ಕಂಪ್ಯೂಟರ್, ಒಂದು ಗಿಗಾಬಿಟ್ ಸಂಪರ್ಕ ಇದ್ದರೆ ಐಪಿವಿ4 ಜಗತ್ತಿನ ಎಲ್ಲ ಸಾರ್ವಜನಿಕ ವಿಳಾಸಗಳಲ್ಲೂ ಒಂದು ಪೋರ್ಟ್ ತೆರೆದಿದೆಯೇ ಎಂದು 45 ನಿಮಿಷದೊಳಗೆ ತಟ್ಟಿ ನೋಡಬಹುದು ಎಂದು ಅವರು ತೋರಿಸಿದರು. ಸಿನಿಮಾ ಅರ್ಧ ಮುಗಿಯುವಷ್ಟರಲ್ಲಿ ಇಡೀ ಜಗತ್ತು! 2009ರಿಂದಲೇ ಇರುವ ಶೋಡಾನ್ ಎಂಬ ಹುಡುಕುತಾಣವಂತೂ ಹೀಗೆ ತೆರೆದಿರುವ ಉಪಕರಣಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಇವೆರಡೂ ಸಂಶೋಧನೆಗೆ, ಭದ್ರತೆಗೆ ಉಪಯುಕ್ತ. ಇದೇ ವಿದ್ಯೆ ಕಳ್ಳರಿಗೂ ಗೊತ್ತು.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮಾಡಿದ್ದು ಇದನ್ನೇ. 23 ಮತ್ತು 2323ನೇ ಬಾಗಿಲು ತೆರೆದಿರುವ ಕ್ಯಾಮೆರಾ, ವಿಡಿಯೊ ರೆಕಾರ್ಡರ್, ರೂಟರ್‌ಗಳನ್ನು ಹುಡುಕಿ, ಕಂಪನಿಗಳು ಕೊಡುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿತು. ಅಷ್ಟರಲ್ಲೇ ಲಕ್ಷಾಂತರ ಉಪಕರಣಗಳು ಅದರ ವಶವಾದವು. ಅಕ್ಟೋಬರ್ 21ರಂದು ಆ ಸೈನ್ಯ ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂತಹ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಕ್ಯಾಮೆರಾ ಮಾಲೀಕರಿಗೆ ತಮ್ಮ ಪೆಟ್ಟಿಗೆ ಯಾರದೋ ಮೇಲೆ ದಾಳಿ ಮಾಡುತ್ತಿದೆ ಎಂಬ ಸುಳಿವೂ ಇರಲಿಲ್ಲ.

ಮರುವರ್ಷ, 2017ರ ಮೇ ತಿಂಗಳಲ್ಲಿ ವಾನಾಕ್ರೈ ಹರಡಿದ್ದು 445ನೇ ಬಾಗಿಲಿನ ಮೂಲಕ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಕೊಟ್ಟಿತ್ತು. ಹಾಕಿಕೊಳ್ಳದ, ಬಾಗಿಲೂ ಮುಚ್ಚದ ಕಂಪ್ಯೂಟರ್‌ಗಳು ಸುಮಾರು 150 ದೇಶಗಳಲ್ಲಿ ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು.

ಹುಡುಕುವುದು ಹೇಗೆ? ಹಂತ ಹಂತವಾಗಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಿಮ್ಮದೇ ಮನೆ, ನಿಮ್ಮದೇ ಅಂಗಡಿಯ ಸಂಪರ್ಕವನ್ನು ಮಾತ್ರ ಪರೀಕ್ಷಿಸಿ. ಬೇರೆಯವರ ವ್ಯವಸ್ಥೆಯೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಮತ್ತು 66ರ ಅಡಿ ಬರುತ್ತದೆ. ‘ಸುಮ್ಮನೆ ನೋಡಿದೆ’ ಎಂಬ ಸಬೂಬು ನಡೆಯದು.

ಹಂತ 1: ಹೊರಗಿನಿಂದ ನೋಡಿ. ಮನೆಯ ವೈಫೈಯಲ್ಲೇ ಕೂತು ಮನೆಯ ಬಾಗಿಲು ಪರೀಕ್ಷಿಸುವುದು ಬಹಳ ಮಂದಿ ಮಾಡುವ ತಪ್ಪು. ಒಳಗಿನಿಂದ ಒಳಕ್ಕೆ ಹೋಗುವಾಗ ಗೇಟಿನ ವಾಚ್‌ಮ್ಯಾನ್ ಅಡ್ಡ ಬರುವುದೇ ಇಲ್ಲ, ಹಾಗಾಗಿ ತೆರೆದಂತೆ ಕಾಣುತ್ತದೆ. ಇನ್ನು ಕೆಲವು ರೂಟರ್‌ಗಳಲ್ಲಿ ಇದರ ತದ್ವಿರುದ್ಧ: ಹೊರಗಿನವರಿಗೆ ತೆರೆದಿದ್ದರೂ ಒಳಗಿನಿಂದ ತಟ್ಟಿದಾಗ ಮುಚ್ಚಿದಂತೆ ಕಾಣುತ್ತದೆ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಮನೆಯ ಹೊರ ವಿಳಾಸಕ್ಕೆ ಹೋಗಿ ನೋಡಿ. ಇಲ್ಲವಾದರೆ ಮನೆಯ ಸಂಪರ್ಕದಿಂದಲೇ ಶೀಲ್ಡ್ಸ್ ಅಪ್‌ನಂತಹ ಹಳೆಯ, ಹೆಸರಾಂತ ಪರೀಕ್ಷಾ ತಾಣ ತೆರೆಯಿರಿ. ಅದು ತನ್ನ ಕಡೆಯಿಂದ, ಅಂದರೆ ಹೊರಗಿನಿಂದ, ನಿಮ್ಮ ಬಾಗಿಲು ತಟ್ಟಿ ನೋಡುತ್ತದೆ.

ಹಂತ 2: ಪರೀಕ್ಷಿಸುತ್ತಿರುವುದು ನಿಮ್ಮ ಮನೆಯನ್ನೇನಾ ಎಂದು ಖಚಿತ ಮಾಡಿಕೊಳ್ಳಿ. ವಿಳಾಸಗಳ ಕೊರತೆಯಿಂದ ಮೊಬೈಲ್ ಕಂಪನಿಗಳು ಮತ್ತು ಕೆಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ರೂಟರ್‌ನ ಪುಟದಲ್ಲಿ ‘ವ್ಯಾನ್ ಐಪಿ’ ಎಂದಿರುವ ವಿಳಾಸ, ‘ನನ್ನ ಐಪಿ ಏನು’ ಎಂದು ತೋರಿಸುವ ತಾಣದ ವಿಳಾಸ, ಎರಡನ್ನೂ ಹೋಲಿಸಿ. ಅವು ಬೇರೆ ಬೇರೆಯಾಗಿದ್ದರೆ, ಅಥವಾ ರೂಟರ್‌ನಲ್ಲಿರುವುದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ನೀವು ತಟ್ಟಿ ನೋಡಿದ್ದು ಕಂಪನಿಯ ಗೇಟನ್ನು. ಫಲಿತಾಂಶ ನಿಮ್ಮದಲ್ಲ.

ಹಂತ 3: ಉತ್ತರವನ್ನು ಸರಿಯಾಗಿ ಓದಿ. ಮೂರು ಬಗೆಯ ಉತ್ತರ ಸಿಗಬಹುದು. ‘ಓಪನ್’ ಎಂದರೆ ಒಳಗಿನವರು ಓಗೊಟ್ಟರು. ‘ಕ್ಲೋಸ್ಡ್’ ಎಂದರೆ ವಾಚ್‌ಮ್ಯಾನ್ ಬಿಟ್ಟಿರಬಹುದು, ಆದರೆ ಆ ನಂಬರಿನ ಮನೆಯಲ್ಲಿ ಯಾರೂ ಇಲ್ಲ. ‘ಫಿಲ್ಟರ್ಡ್’ ಅಥವಾ ‘ಸ್ಟೆಲ್ತ್’ ಎಂದರೆ ಉತ್ತರವೇ ಬರಲಿಲ್ಲ, ದಾರಿಯಲ್ಲೇ ತಡೆಯಲಾಯಿತು. ‘ಕ್ಲೋಸ್ಡ್’ ಎಂದು ಬಂದ ಮಾತ್ರಕ್ಕೆ ಪೂರ್ತಿ ಮರೆಯಬೇಡಿ. ನಿಯಮ ಸಡಿಲವಾಗಿದ್ದರೆ, ನಾಳೆ ಆ ನಂಬರಿನಲ್ಲಿ ಯಾವುದಾದರೂ ತಂತ್ರಾಂಶ ಬಂದು ಕೂತ ಕ್ಷಣದಿಂದ ಅದು ‘ಓಪನ್’.

ಹಂತ 4: ಓಗೊಟ್ಟವರು ಯಾರು? ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ಎಂಬ ತಂತ್ರಾಂಶ ಮೊದಲಿನಿಂದಲೇ ಇರುತ್ತದೆ. ಅದರ ನೆಟ್‌ವರ್ಕ್ ಭಾಗದಲ್ಲಿ ‘ಲಿಸನಿಂಗ್ ಪೋರ್ಟ್ಸ್’ ಎಂಬ ಪಟ್ಟಿ ಇದೆ. ಯಾವ ತಂತ್ರಾಂಶ ಯಾವ ಬಾಗಿಲಲ್ಲಿ ಕೂತಿದೆ, ಫೈರ್‌ವಾಲ್ ಅದನ್ನು ಬಿಟ್ಟಿದೆಯೋ ಇಲ್ಲವೋ ಎಂಬುದೂ ಅಲ್ಲೇ ಕಾಣುತ್ತದೆ. ವಿಳಾಸದ ಜಾಗದಲ್ಲಿ 127.0.0.1 ಅಥವಾ ‘ಲೂಪ್‌ಬ್ಯಾಕ್’ ಎಂದಿದ್ದರೆ ಅದು ಅದೇ ಕಂಪ್ಯೂಟರಿನೊಳಗಿನ ಮಾತುಕತೆ, ಹೊರಗಿನಿಂದ ತಲುಪಲಾಗದು. ಮನೆಯ ಬೇರೆ ಉಪಕರಣವಾದರೆ ರೂಟರ್‌ನ ‘ಪೋರ್ಟ್ ಫಾರ್ವರ್ಡಿಂಗ್’ ಮತ್ತು ‘ಯುಪಿಎನ್‌ಪಿ’ ಪುಟಗಳಲ್ಲಿ ಯಾವ ಒಳವಿಳಾಸದ ಹೆಸರಿದೆ ನೋಡಿ. ಸಾಮಾನ್ಯವಾಗಿ ಅದು 192.168ರಿಂದ ಶುರುವಾಗುತ್ತದೆ.

ಹಂತ 5: ಬಿಟ್ಟ ಸಾಲು ಯಾವುದು? ಪಟ್ಟಿಯನ್ನು ಮೇಲಿನಿಂದ ಓದಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಯಾರಿಗಾಗಿ? ಉತ್ತರ ಸಿಗದ ಸಾಲನ್ನು ನೇರ ಅಳಿಸಬೇಡಿ. ಮೊದಲು ಫೋಟೊ ತೆಗೆದಿಟ್ಟುಕೊಂಡು ‘ಡಿಸೇಬಲ್’ ಮಾಡಿ. ಒಂದು ವಾರ ಯಾವ ಕೆಲಸಕ್ಕೂ ತೊಂದರೆಯಾಗದಿದ್ದರೆ ಆಮೇಲೆ ಅಳಿಸಿ.

ಹಂತ 6: ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಪರೀಕ್ಷೆ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಬಹಳಷ್ಟು ಫೈರ್‌ವಾಲ್‌ಗಳು ಆಗಲೇ ಒಳಗೆ ಬಂದವರನ್ನು ಹೊಸ ನಿಯಮದ ಮೇಲೆ ಹೊರಹಾಕುವುದಿಲ್ಲ. ಹೊಸದಾಗಿ ಬರುವವರನ್ನಷ್ಟೇ ತಡೆಯುತ್ತವೆ. ನಿಯಮ ಬದಲಿಸಿದ ಮೇಲೂ ತೆರೆದಂತೆ ಕಂಡರೆ ರೂಟರನ್ನು ಒಮ್ಮೆ ಆಫ್-ಆನ್ ಮಾಡಿ ನೋಡಿ. ಹಾಗೆ ಆಫ್-ಆನ್ ಮಾಡಿದ ಮೇಲೆ ನಿಮ್ಮ ಬದಲಾವಣೆ ಉಳಿದಿದೆಯೇ ಎಂದೂ ಖಾತ್ರಿ ಮಾಡಿಕೊಳ್ಳಿ. ‘ಸೇವ್’ ಒತ್ತದ ನಿಯಮ ಕರೆಂಟು ಹೋದಾಗ ಮಾಯವಾಗುತ್ತದೆ.

ಹಂತ 7: ಐಪಿವಿ6 ಕಡೆಯನ್ನೂ ನೋಡಿ. ರೂಟರ್‌ನಲ್ಲಿ ‘ಐಪಿವಿ6 ಫೈರ್‌ವಾಲ್’ ಎಂಬ ಆಯ್ಕೆ ಇದ್ದರೆ ಅದು ಆನ್ ಇರಲಿ. ಐಪಿವಿ6 ವಿಳಾಸಗಳ ಸಂಖ್ಯೆ ಎಷ್ಟು ದೊಡ್ಡದೆಂದರೆ ಎಲ್ಲವನ್ನೂ ತಟ್ಟಿ ನೋಡಲು ಯಾವ ಯಂತ್ರಕ್ಕೂ ಆಗದು, ಅಷ್ಟರಮಟ್ಟಿಗೆ ಸಮಾಧಾನ. ಆದರೆ ನೀವು ಭೇಟಿ ಕೊಟ್ಟ ತಾಣಗಳಿಗೆ ನಿಮ್ಮ ವಿಳಾಸ ಗೊತ್ತಾಗುತ್ತದೆ, ಆದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಬಾಗಿಲು ಮುಚ್ಚಿದರೆ ಎಲ್ಲ ಮುಗಿಯಿತೇ?

ಇಲ್ಲ. ಈಗಿನ ಬಹುಪಾಲು ಕ್ಯಾಮೆರಾಗಳು ಪೋರ್ಟ್ ಫಾರ್ವರ್ಡ್ ಬಳಸುವುದೇ ಇಲ್ಲ. ಕ್ಯಾಮೆರಾ ತಾನೇ ಕಂಪನಿಯ ಸರ್ವರ್‌ಗೆ ಫೋನ್ ಮಾಡಿ ಕಾಯುತ್ತಿರುತ್ತದೆ, ನಿಮ್ಮ ಆ್ಯಪ್ ಕೂಡ ಅಲ್ಲಿಗೇ ಹೋಗಿ ದೃಶ್ಯ ಪಡೆಯುತ್ತದೆ. ಒಳಗಿನಿಂದ ಹೊರಟ ಕರೆಯಾದ್ದರಿಂದ ಫೈರ್‌ವಾಲ್ ತಡೆಯುವುದಿಲ್ಲ. ಇಂಥ ಕಡೆ ನಿಮ್ಮ ಬಾಗಿಲುಗಳೆಲ್ಲ ಮುಚ್ಚಿದ್ದರೂ, ಪಾಸ್‌ವರ್ಡ್ ಸುಲಭವಾಗಿದ್ದರೆ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಮೂರೂ ಬೇಕು: ಬೇಡದ ಬಾಗಿಲು ಮುಚ್ಚುವುದು, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸುವುದು, ಉಪಕರಣದ ತಂತ್ರಾಂಶವನ್ನು ಅಪ್‌ಡೇಟ್ ಮಾಡುವುದು. ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಆದರೆ ಅದಕ್ಕೂ ಮೊದಲು ನಿಮ್ಮ ಗೋಡೆಗೆ ಬಂದ ಕ್ಯಾಮೆರಾವನ್ನು ನೀವೇ ನೋಡಿಕೊಳ್ಳಬೇಕು.

ಕ್ಯಾಮೆರಾ ಅಥವಾ ರೂಟರ್‌ಗೆ ಆಗಲೇ ಸೋಂಕು ತಗುಲಿದೆ ಎಂಬ ಅನುಮಾನವಿದ್ದರೆ ಬರೀ ಆಫ್-ಆನ್ ಸಾಲದು. ಮಿರಾಯ್ ಉಪಕರಣದ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತಿತ್ತು, ಆಫ್ ಮಾಡಿದರೆ ಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಅದೇ ಉಳಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅಂಟಿಕೊಳ್ಳುತ್ತಿತ್ತು. ಸಂಪರ್ಕ ತಪ್ಪಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಪಾಸ್‌ವರ್ಡ್ ಇಟ್ಟ ಮೇಲೆಯೇ ಅಂತರಜಾಲಕ್ಕೆ ಜೋಡಿಸಿ. ಕಂಪ್ಯೂಟರ್ ಸ್ವಚ್ಛಗೊಳಿಸಲು ಸರ್ಟ್-ಇನ್ ಸಂಸ್ಥೆಯ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಸಾಧನಗಳನ್ನು ಕೊಡುತ್ತಿದೆ. ದೃಶ್ಯಗಳು ಸೋರಿವೆ ಎಂದು ಗೊತ್ತಾದರೆ ಮುಚ್ಚಿಡಬೇಡಿ, ಸಾಕ್ಷ್ಯ ಅಳಿಸಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಅಥವಾ ಹತ್ತಿರದ ಸೈಬರ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ತಪ್ಪು ಸೋರಿಸಿದವರದು, ದೃಶ್ಯದಲ್ಲಿರುವವರದಲ್ಲ.

ಹಾಗಾದರೆ ಫಾರ್ವರ್ಡ್‌ಗಳಲ್ಲಿ ಹೇಳುವುದು?

“ಫೋನಿನ ಎಲ್ಲ ಪೋರ್ಟ್‌ಗಳೂ ತೆರೆದಿವೆ”: ತಪ್ಪು. ಸಾಮಾನ್ಯ ಬಳಕೆಯ ಆಂಡ್ರಾಯ್ಡ್ ಅಥವಾ ಐಫೋನ್ ಹೊರಗಿನಿಂದ ಬರುವವರಿಗಾಗಿ ಬಾಗಿಲು ತೆರೆದು ಕಾಯುವುದು ಬಹಳ ಕಡಿಮೆ. ಫೋನು ತಾನೇ ಹೊರಗೆ ಹೋಗಿ ಮಾಹಿತಿ ತರುತ್ತದೆ.

“ಈ ಆ್ಯಪ್ ಹಾಕಿದರೆ ಎಲ್ಲ ಪೋರ್ಟ್ ಬಂದ್”: ಹುಷಾರು. ಆಂಡ್ರಾಯ್ಡ್‌ನಲ್ಲಿ ಫೈರ್‌ವಾಲ್ ಆ್ಯಪ್‌ಗಳು ಸಾಮಾನ್ಯವಾಗಿ ವಿಪಿಎನ್ ಸೌಲಭ್ಯ ಬಳಸಿ ಕೆಲಸ ಮಾಡುತ್ತವೆ. ಅಂದರೆ ನಿಮ್ಮ ಫೋನಿನಿಂದ ಹೋಗುವ ಬರುವ ಎಲ್ಲವೂ ಆ ಆ್ಯಪ್ ಮೂಲಕವೇ ಹಾದುಹೋಗುತ್ತದೆ. ಒಳ್ಳೆಯ ಆ್ಯಪ್‌ಗಳೂ ಇವೆ. ಆದರೆ ಫಾರ್ವರ್ಡ್‌ನಲ್ಲಿ ಬಂದ ಲಿಂಕಿನಿಂದ ಹಾಕಿಕೊಂಡದ್ದಕ್ಕೆ ಇಂಥ ಅನುಮತಿ ಕೊಡುವುದು, ದಾರಿಹೋಕನಿಗೆ ಗೇಟಿನ ಬೀಗದ ಕೈ ಕೊಟ್ಟಂತೆ.

“ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕು, ಯಾರಿಗೂ ಸಿಗುವುದಿಲ್ಲ”: ಅರ್ಧ ಸತ್ಯ. ಸಾಮಾನ್ಯ ನಂಬರ್‌ಗಳನ್ನಷ್ಟೇ ತಟ್ಟುವ ಯಂತ್ರಗಳಿಂದ ತಪ್ಪಿಸಿಕೊಳ್ಳಬಹುದು. ಎಲ್ಲ ನಂಬರ್‌ಗಳನ್ನೂ ತಟ್ಟುವವರಿಗೆ ಅದು ಸ್ವಲ್ಪ ತಡವಾಗಿ ಸಿಗುತ್ತದೆ ಅಷ್ಟೇ.

“ತೊಂದರೆ ಬಂದರೆ ಫೈರ್‌ವಾಲ್ ಆಫ್ ಮಾಡಿ ನೋಡಿ”: ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಒಂದು ಕೋಣೆಯ ಬೀಗದ ಕೈ ಸಿಗಲಿಲ್ಲವೆಂದು ಊರಬಾಗಿಲನ್ನೇ ಕಿತ್ತು ಹಾಕುವುದಿಲ್ಲವಲ್ಲ!

ಕೊನೆಯದಾಗಿ ಒಂದು ಮನೆಗೆಲಸ. ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ರೂಟರ್‌ನ ಪುಟ ತೆರೆಯಿರಿ. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ ಎಣಿಸಿ. ಬಹಳಷ್ಟು ಮನೆಗಳಿಗೆ ಅಲ್ಲಿ ಒಂದು ಸಾಲೂ ಬೇಕಿಲ್ಲ. ಇದ್ದರೆ, ಅದನ್ನು ಬರೆದವರಿಗೇ ಕರೆ ಮಾಡಿ “ಇದು ಯಾಕೆ?” ಎಂದು ಕೇಳಿ. ಅದು ನಿಮ್ಮ ಹಕ್ಕು. ಇಷ್ಟು ಮಾಡಿದ ಮೇಲೆ ಈ ಲೇಖನವನ್ನು ಬೇಕಾದರೆ ಫಾರ್ವರ್ಡ್ ಮಾಡಿ, ಮೊದಲು ಕ್ಯಾಮೆರಾ ಇರುವ ಮನೆಯವರಿಗೆ.